ಸಮುದ್ರ ಹೋದ ಮೇಲೆ ಉಳಿದ ಬಂದರುಗಳು

1932ರ ಮೇ 28ರ ಮಧ್ಯಾಹ್ನ ನೆದರ್ಲೆಂಡ್ಸಿನಲ್ಲಿ ಒಂದು ಸಮುದ್ರ ಮುಗಿಯಿತು. ದೇಶದ ಹೊಟ್ಟೆಯೊಳಗೆ ಚಾಚಿಕೊಂಡಿದ್ದ ಜಾಯ್ಡರ್‌ಜೇ ಎಂಬ ಉಪ್ಪುನೀರಿನ ಕೊಲ್ಲಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಸುಮಾರು 32 ಕಿಲೋಮೀಟರ್ ಉದ್ದದ ಒಡ್ಡಿನ ಕೊನೆಯ ಕಿಂಡಿಯನ್ನು ಅಂದು ಗಟ್ಟಿ ಜೇಡಿಮಣ್ಣು ಸುರಿದು ಮುಚ್ಚಿದರು. ಆಫ್‌ಸ್ಲೌಟ್‌ಡೈಕ್ ಎಂಬ ಆ ಒಡ್ಡಿನ ಹೊರಗೆ ಸಮುದ್ರ ಉಳಿಯಿತು, ಒಳಗಿನದು ಕೆರೆಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಹೆಸರೂ ಬದಲಾಯಿತು. 'ದಕ್ಷಿಣದ ಸಮುದ್ರ' ಎಂಬರ್ಥದ ಜಾಯ್ಡರ್‌ಜೇ ಹೋಗಿ, ಅದಕ್ಕೆ ನೀರು ತರುವ ಐಸಲ್ ನದಿಯ ಹೆಸರಿನ ಐಸಲ್‌ಮೇರ್ ಬಂತು.

ಕಳೆದ ಬೇಸಿಗೆಯಲ್ಲಿ ನಾನು ಈ ನೀರಿನ ಮೇಲೆ ಐದು ದಿನ ಇದ್ದೆ. ಜೊತೆಗೆ ನನ್ನ ಹಾಗೇ ಪಿಎಚ್‌.ಡಿ. ಮಾಡುತ್ತಿರುವ ಆರೇಳು ಮಂದಿ. ಒಂದು ಕಾಲದಲ್ಲಿ ಸರಕು ಹೊತ್ತ ಹಾಯಿದೋಣಿಗಳನ್ನು ಅಲ್ಲಿ ಈಗ ರಜೆ ಕಳೆಯುವವರಿಗೆ ಬಾಡಿಗೆಗೆ ಕೊಡುತ್ತಾರೆ. ಗೊಬ್ಬರ, ಆಲೂಗಡ್ಡೆ ತುಂಬುತ್ತಿದ್ದ ಹೊಟ್ಟೆಯೊಳಗೆ ಈಗ ಮಲಗುವ ಹಲಗೆಗಳು, ಪುಟ್ಟ ಅಡುಗೆಮನೆ. ಇಂಥ ದೋಣಿಗಳನ್ನೆಲ್ಲ ಸೇರಿಸಿ 'ಕಂದು ದಂಡು' ಎನ್ನುತ್ತಾರೆ. ಹಾಯಿಬಟ್ಟೆ ಕೊಳೆಯದಿರಲೆಂದು ಹಿಂದೆ ಅದನ್ನು ಓಕ್ ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ಆಮೇಲೆ ಏಷ್ಯಾದಿಂದ ಕಾಚು ಹೋಗತೊಡಗಿತು. ನಾವು ಎಲೆಅಡಿಕೆಗೆ ಹಾಕಿಕೊಳ್ಳುವ ಅದೇ ಕಾಚು. ಈಗಿನ ಹಾಯಿ ಕೃತಕ ನೂಲಿನದು, ಕೊಳೆಯುವ ಭಯವಿಲ್ಲ. ಆದರೂ ಕಂದು ಬಣ್ಣವನ್ನು ಬಿಟ್ಟಿಲ್ಲ. ಬಂದವರು ಹಳೆಯದನ್ನು ನೋಡಲೆಂದೇ ಬಂದಿರುತ್ತಾರಲ್ಲ!

ನಾವು ಹೊರಟದ್ದು ಎಂಕ್‌ಹೌಜನ್‌ನಿಂದ. ಅದೂ ಪಕ್ಕದ ಹೋರ್ನ್ ಊರೂ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಎರಡಕ್ಕೆ ನೆಲೆಯಾಗಿದ್ದವು. 1616ರಲ್ಲಿ ದಕ್ಷಿಣ ಅಮೆರಿಕದ ತುತ್ತತುದಿಯನ್ನು ಬಳಸಿ ಹೋದ ಡಚ್ ನಾವಿಕರು ಅದಕ್ಕೆ ಇಟ್ಟದ್ದು ಹೋರ್ನ್ ಊರಿನ ಹೆಸರನ್ನೇ. 1621ರಲ್ಲಿ ಜಾಯಿಕಾಯಿಗಾಗಿ ಬಾಂಡಾ ದ್ವೀಪಗಳ ಜನರನ್ನು ಕೊಲ್ಲಿಸಿದ ಯಾನ್ ಪೀಟರ್ಸ್‌ಜೋನ್ ಕೂನ್ ಕೂಡ ಹೋರ್ನ್‌ನವನೇ. ಊರ ನಡುವೆ ಅವನ ಪ್ರತಿಮೆಯಿದೆ, ಅದರ ಬಗ್ಗೆ ಜಗಳವೂ ಇದೆ. ಕಂಪನಿ 1799ರಲ್ಲಿ ಮುಳುಗಿತು. ಹಡಗುಗಳು ದೊಡ್ಡವಾದವು, ಈ ಕೊಲ್ಲಿಯ ಆಳ ಸರಾಸರಿ ನಾಲ್ಕೈದು ಮೀಟರ್ ಅಷ್ಟೆ. ಆಮ್‌ಸ್ಟರ್‌ಡಾಮ್ ತನಗಾಗಿ ಬೇರೆ ಕಾಲುವೆಗಳನ್ನು ತೋಡಿಕೊಂಡು ನೇರ ಸಮುದ್ರಕ್ಕೆ ದಾರಿ ಮಾಡಿಕೊಂಡಿತು. ವ್ಯಾಪಾರ ಹೋದ ಊರುಗಳಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ತಾಕತ್ತು ಕಡಿಮೆಯಾಯಿತು. ಇವತ್ತು ಪ್ರವಾಸಿಗಳು ನಿಂತು ಫೋಟೋ ತೆಗೆಯುವ ಹದಿನೇಳನೇ ಶತಮಾನದ ಗೋಡೆಗಳು ಉಳಿದದ್ದರ ಹಿಂದೆ ಆ ಬಡತನದ ಪಾಲೂ ಇದೆ. ವ್ಯಾಪಾರ ಹೋದ ಮೇಲೆ ಕೊಲ್ಲಿಯ ಸುತ್ತಲಿನ ಊರುಗಳನ್ನು ಸಾಕಿದ್ದು ಮೀನು.

ಹಾಗಾದರೆ ಆ ಸಮುದ್ರವನ್ನು ಮುಚ್ಚಿದ್ದೇಕೆ? 1916ರ ಜನವರಿಯ ಬಿರುಗಾಳಿಯಲ್ಲಿ ಒಡ್ಡುಗಳು ಒಡೆದು ದಡದ ಊರುಗಳು ಮುಳುಗಿದವು. ಮಾರ್ಕನ್ ಎಂಬ ಪುಟ್ಟ ದ್ವೀಪವೊಂದರಲ್ಲೇ 16 ಮಂದಿ ಸತ್ತರು. ಮೊದಲ ಮಹಾಯುದ್ಧದಲ್ಲಿ ಆಹಾರದ ಕೊರತೆಯೂ ಕಾಡಿತು. ಬೇಸಾಯಕ್ಕೆ ಹೊಸ ನೆಲ ಬೇಕೆನಿಸಿತು. ಕೊರ್ನೇಲಿಸ್ ಲೇಲಿ ಎಂಬ ಎಂಜಿನಿಯರ್ ಬಹುಕಾಲದಿಂದ ಕೈಯಲ್ಲಿ ಹಿಡಿದುಕೊಂಡಿದ್ದ ಯೋಜನೆ, ಅವನು ಮಂತ್ರಿಯಾಗಿದ್ದಾಗ, 1918ರಲ್ಲಿ ಕಾನೂನಾಯಿತು. ಒಡ್ಡು ಕಟ್ಟಿದರೆ ಹೊರಗಿನ ತೀರದಲ್ಲಿ ಉಬ್ಬರ ಎಷ್ಟು ಏರೀತು ಎಂದು ಲೆಕ್ಕ ಹಾಕುವ ಸಮಿತಿಗೆ ನೊಬೆಲ್ ಪಡೆದ ಭೌತವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಸ್ ಅಧ್ಯಕ್ಷ. ಎಂಟು ವರ್ಷ ಆ ಲೆಕ್ಕ ನಡೆಯಿತು. ಇದು ಯಾರದೋ ಹುಚ್ಚು ಆಸೆಯ ಕೆಲಸವಾಗಿರಲಿಲ್ಲ. ಒಡ್ಡು ಜೀವಗಳನ್ನು ಉಳಿಸಿದೆ. ಆ ಯೋಜನೆಯಿಂದ ಫ್ಲೇವೊಲಾಂಡ್ ಎಂಬ ಇಡೀ ಪ್ರಾಂತ್ಯ ನೀರಿನಿಂದ ಎದ್ದುಬಂದಿದೆ.

ಆದರೆ ಮೀನು ಹೋಯಿತು. ಉಪ್ಪು ಸಿಹಿ ಬೆರೆತ ಆ ನೀರಿಗೆ ಮೊಟ್ಟೆಯಿಡಲು ಬರುತ್ತಿದ್ದ ಹೆರ್ರಿಂಗ್‌ಗೂ ಆಂಚೊವಿಗೂ ಬಾಗಿಲು ಮುಚ್ಚಿತು. ಕೆಲವೇ ವರ್ಷಗಳಲ್ಲಿ ನೀರು ಸಿಹಿಯಾಯಿತು. ಹಾವುಮೀನಿನಂಥ ಕೆಲವು ಮಾತ್ರ ಉಳಿದುಕೊಂಡವು. ಆಳವಿಲ್ಲದ ಈ ನೀರಿಗೆಂದೇ ಚಪ್ಪಟೆ ತಳ ಮಾಡಿ, ಎರಡೂ ಪಕ್ಕಕ್ಕೆ ಮೀನಿನ ಈಜುರೆಕ್ಕೆಯಂತೆ ಮರದ ಹಲಗೆ ತೂಗುಹಾಕಿದ ಬಾಟರ್ ದೋಣಿಗಳು ಕೆಲಸವಿಲ್ಲದೆ ನಿಂತವು. ಮೀನುಗಾರರಿಗಾಗಿ 1925ರಲ್ಲಿ ಬೇರೆಯೇ ಒಂದು ಕಾನೂನು ಬಂದಿತ್ತು. ಅದರ ಹೆಸರಿನಲ್ಲಿದ್ದದ್ದು 'ನೆರವು' ಎಂಬ ಪದ, 'ಪರಿಹಾರ' ಅಲ್ಲ. ಈ ಎರಡು ಪದಗಳ ನಡುವಿನ ಅಂತರದ ಬಗ್ಗೆ ನಾನು ಆ ಐದು ದಿನ ತುಂಬ ಯೋಚಿಸಿದೆ. ಪರಿಹಾರ ಅಂದರೆ ನಿನ್ನದೊಂದನ್ನು ಕಿತ್ತುಕೊಂಡಿದ್ದೇವೆ, ಋಣವಿದೆ ಎಂದು ಒಪ್ಪಿದ ಹಾಗೆ. ನೆರವು ಅಂದರೆ ನಿನಗೆ ಕಷ್ಟ ಬಂದಿದೆ, ನಮ್ಮ ಕೈಲಾದದ್ದು ಕೊಡುತ್ತೇವೆ ಎಂದ ಹಾಗೆ. ಸಮುದ್ರ ಮೀನುಗಾರನ ಹೆಸರಿನಲ್ಲಿ ನೋಂದಣಿಯಾಗಿರಲಿಲ್ಲ. ಆದ್ದರಿಂದ ಅವನು ಕಳೆದುಕೊಂಡದ್ದು ಆಸ್ತಿಯ ಲೆಕ್ಕಕ್ಕೆ ಸೇರುವುದು ಕಷ್ಟವಾಯಿತು.

ಎಲ್ಲರೂ ಸೋತರು ಎನ್ನುವಂತಿಲ್ಲ. ಆಗ ದ್ವೀಪವಾಗಿದ್ದ ಉರ್ಕ್‌ಗೆ 1939ರಲ್ಲಿ ಒಡ್ಡಿನ ದಾರಿ ಬಂದು ಅದು ನೆಲಕ್ಕೆ ಅಂಟಿಕೊಂಡಿತು. ಅಲ್ಲಿಯವರು ಮೀನುಗಾರಿಕೆ ಬಿಡದೆ ಹೊರಗಿನ ಉತ್ತರ ಸಮುದ್ರಕ್ಕೆ ಹೋಗತೊಡಗಿದರು. ಇಂದಿಗೂ ಅದು ದೇಶದ ಮುಖ್ಯ ಮೀನುಗಾರರ ಊರು. ಬೇರೆ ಎಷ್ಟೋ ಊರುಗಳ ಬದುಕು ಮಾತ್ರ ಈಗ ಎಂಕ್‌ಹೌಜನ್‌ನ ಜಾಯ್ಡರ್‌ಜೇ ಮ್ಯೂಸಿಯಂನಲ್ಲಿದೆ. ಅಲ್ಲಿ ಬಯಲಿನಲ್ಲೇ ಒಂದು ಊರಿದೆ: ಮೀನು ಹೊಗೆಗೆ ಹಿಡಿಯುವ ಗೂಡು, ಚಿಪ್ಪು ಸುಟ್ಟು ಸುಣ್ಣ ಮಾಡುವ ಭಟ್ಟಿ, ಬೇರೆ ಬೇರೆ ಊರುಗಳಿಂದ ಸಾಗಿಸಿ ತಂದ ಮನೆಗಳು.

ಐಸಲ್‌ಮೇರ್ ದಾಟಿ ನಾವು ಸ್ಟಾವೊರನ್ ಬಳಿ ಫ್ರೀಸ್‌ಲಾಂಡಿನ ಕಾಲುವೆಗಳಿಗೆ ಇಳಿದೆವು. ನೀರು ಹೊಲಕ್ಕಿಂತ ಎತ್ತರದಲ್ಲಿತ್ತು. ದೋಣಿಯಲ್ಲಿ ಕುಳಿತು ಹಸುಗಳನ್ನು ಮೇಲಿನಿಂದ ನೋಡುತ್ತಿದ್ದೆವು. ಒಂದು ಕಡೆ ಸೇತುವೆ ಎತ್ತುವಾತ ಕೋಲಿನ ತುದಿಯ ದಾರಕ್ಕೆ ಕಟ್ಟಿದ ಮರದ ಪಾದರಕ್ಷೆಯನ್ನು ನಮ್ಮತ್ತ ತೂಗಿಬಿಟ್ಟ. ಸುಂಕದ ನಾಣ್ಯ ಅದರೊಳಗೆ ಹಾಕಬೇಕು. ಎಲ್ಲರೂ ನಕ್ಕರು. ಈ ದೇಶದ ಕಾಲುವೆಗಳು ದುಡಿಯುವ ದಾರಿಗಳಾಗಿದ್ದವು. 1632ರಲ್ಲಿ ಆಮ್‌ಸ್ಟರ್‌ಡಾಮ್ ಮತ್ತು ಹಾರ್ಲೆಮ್ ನಡುವೆ ಕುದುರೆ ಎಳೆಯುವ ದೋಣಿಗಳು ವೇಳಾಪಟ್ಟಿಯ ಪ್ರಕಾರ ಓಡತೊಡಗಿದ್ದವು. 1839ರಲ್ಲಿ ದೇಶದ ಮೊದಲ ರೈಲು ಬಂದದ್ದೂ ಅದೇ ಎರಡು ಊರುಗಳ ನಡುವೆ. ದುಡಿಮೆ ಬಿಟ್ಟುಹೋದ ಕಡೆಗೆ ವಿಹಾರ ಬಂದು ನೆಲೆಸುವುದನ್ನು ಈ ನೀರಿನಲ್ಲಿ ಮತ್ತೆ ಮತ್ತೆ ಕಂಡೆ.

ಹಾರ್ಲಿಂಗನ್‌ನಿಂದ ಹೊರಗೆ ವಾಡನ್ ಸಮುದ್ರ. ಇಳಿತದಲ್ಲಿ ನೀರು ಸರಿದು ನಮ್ಮ ದೋಣಿ ಕೆಸರಿನ ಮೇಲೆ ಮೆಲ್ಲಗೆ ಕೂತಿತು. ಚಪ್ಪಟೆ ತಳದ ಅರ್ಥ ಆಗ ತಿಳಿಯಿತು. ಮರಳಿ ಬರುವಾಗ ಒಡ್ಡಿನ ಕಾರ್ನ್‌ವರ್ಡರ್‌ಜಾಂಡ್ ತುದಿಯಲ್ಲಿರುವ, ಲೊರೆಂಟ್ಸ್ ಹೆಸರಿನ ಜಲದ್ವಾರದೊಳಗೆ ಕಾದೆವು. ಹಿಂದಿನ ಬಾಗಿಲ ಆಚೆ ಉಪ್ಪುನೀರು, ಮುಂದಿನ ಬಾಗಿಲ ಆಚೆ ಸಿಹಿನೀರು. ನಮ್ಮನ್ನು ದಾಟಿಸಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಕೊನೆಯ ಕಿಂಡಿ ಮುಚ್ಚಿದ ಜಾಗದಲ್ಲೊಂದು ಸ್ಮಾರಕ ಗೋಪುರವಿದೆ. ಬದುಕಿರುವ ಜನಾಂಗ ತನ್ನ ಭವಿಷ್ಯವನ್ನು ಕಟ್ಟಿಕೊಳ್ಳುತ್ತದೆ ಎಂಬರ್ಥದ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. ಆ ಮಾತನ್ನು ಅಲ್ಲಗಳೆಯಲು ನನಗೆ ಮನಸ್ಸಿಲ್ಲ. ಏರುತ್ತಿರುವ ಸಮುದ್ರಕ್ಕೆ ಹೆದರಿ ಈಗ ಒಡ್ಡನ್ನು ಮತ್ತೆ ಬಲಪಡಿಸುತ್ತಿದ್ದಾರೆ. ಅದರ ಜೊತೆಗೇ, ಮೀನುಗಳು ಉಪ್ಪಿನಿಂದ ಸಿಹಿಗೂ ಸಿಹಿಯಿಂದ ಉಪ್ಪಿಗೂ ಓಡಾಡಲೆಂದು ಒಡ್ಡನ್ನು ಸೀಳಿ ಒಂದು ಕೃತಕ ನದಿಯನ್ನು ಮಾಡುವ ಕೆಲಸಕ್ಕೂ ಕೈಹಾಕಿದ್ದಾರೆ. ಮುಚ್ಚಿದ ಬಾಗಿಲಲ್ಲಿ ಮೀನಿಗೊಂದು ಕಿಂಡಿ ಬೇಕು ಎಂದು ಒಪ್ಪಲು ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಮೀನನ್ನು ನಂಬಿ ಬದುಕಿದ್ದವರು ಅಷ್ಟು ದಿನ ಕಾಯುವ ಸ್ಥಿತಿಯಲ್ಲಿರಲಿಲ್ಲ.