ಕುಡುಗೋಲು ರಕ್ತಕಣರೋಗದ ಚಿಕಿತ್ಸೆಯ ಇತಿಹಾಸ: ಎರಡು ಪರಂಪರೆಗಳ ವಿಚಾರ

ಒಂದು ರೋಗದ ಕಾರಣವನ್ನು ಅರಿಯುವುದಕ್ಕೂ ಅದನ್ನು ಪರಿಹರಿಸುವುದಕ್ಕೂ ನಡುವೆ ಎಷ್ಟು ದೂರವಿರಬಹುದೆಂಬುದಕ್ಕೆ ಸಿಕಲ್ ಸೆಲ್ ಅನೀಮಿಯ ಎಂಬ ರೋಗಕ್ಕಿಂತ ಸ್ಪಷ್ಟವಾದ ನಿದರ್ಶನವು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ದೊರೆಯುವುದು ಅಪೂರ್ವ. ದುಂಡಾಗಿಯೂ ಮೃದುವಾಗಿಯೂ ಇರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಬಿರುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಅಸಹನೀಯವಾದ ನೋವನ್ನೂ ಅಂಗಹಾನಿಯನ್ನೂ ಅಕಾಲಮರಣವನ್ನೂ ತರುವ ಈ ರೋಗದ ಮೂಲವು ೧೯೪೯ರಲ್ಲಿಯೇ ಅಣುಮಟ್ಟದಲ್ಲಿ ಗೊತ್ತಾಯಿತು. ವಂಶವಾಹಿಯನ್ನು ತಿದ್ದುವ ಚಿಕಿತ್ಸೆಯು ಅದಕ್ಕೆ ಅಂಗೀಕೃತವಾದುದು ೨೦೨೩ರಲ್ಲಿ. ಈ ಎರಡು ವರ್ಷಗಳ ನಡುವೆ ಒಂದು ನೇರವಾದ ಗೆರೆಯನ್ನೆಳೆದು, ಮೊದಲನೆಯದರ ಫಲವೇ ಎರಡನೆಯದೆಂದು ಹೇಳುವುದು ವಾಡಿಕೆಯಾಗಿದೆ. ಈ ವಾಡಿಕೆಯು ಪೂರ್ಣವಾಗಿ ಸಾಧುವಲ್ಲವೆಂದು ತೋರಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ. ಈ ಚರಿತ್ರೆಯಲ್ಲಿ ಎರಡು ಪರಂಪರೆಗಳಿವೆ. ದೋಷವೆಲ್ಲಿದೆಯೆಂದು ಹುಡುಕಿದ ಪರಂಪರೆಯೊಂದು. ದೋಷವಿದ್ದೂ ರೋಗವಿಲ್ಲದವರು ಯಾರೆಂದು ಕೇಳಿದ ಪರಂಪರೆ ಮತ್ತೊಂದು. ಕೀರ್ತಿಯು ಬಹುಮಟ್ಟಿಗೆ ಮೊದಲನೆಯದಕ್ಕೆ ಸಂದಿತು. ಔಷಧಗಳಿಗೆ ದಾರಿ ತೋರಿದುದು ಹೆಚ್ಚಾಗಿ ಎರಡನೆಯದು.

೧

ಪಾಶ್ಚಾತ್ಯ ವೈದ್ಯಗ್ರಂಥಗಳ ಪ್ರಕಾರ ಈ ರೋಗದ ಚರಿತ್ರೆಯು ಷಿಕಾಗೋ ನಗರದಲ್ಲಿ ಆರಂಭವಾಗುತ್ತದೆ. ವೆಸ್ಟ್ ಇಂಡೀಸಿನ ಗ್ರೆನೇಡಾ ದ್ವೀಪದಿಂದ ದಂತವೈದ್ಯವನ್ನು ಕಲಿಯಲು ಬಂದಿದ್ದ ಒಬ್ಬ ತರುಣನು ೧೯೦೪ರ ಡಿಸೆಂಬರಿನಲ್ಲಿ ಅಲ್ಲಿನ ಆಸ್ಪತ್ರೆಯೊಂದನ್ನು ಸೇರಿದನು. ಅವನ ರಕ್ತದಲ್ಲಿ ಕುಡುಗೋಲಿನಾಕಾರದ ಕಣಗಳನ್ನು ಕಂಡವನು ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ. ಅದನ್ನು ೧೯೧೦ರಲ್ಲಿ ಪ್ರಕಟಪಡಿಸಿದವನು ಅವನ ಹಿರಿಯನಾದ ಜೇಮ್ಸ್ ಹೆರಿಕ್. ಲೇಖನದಲ್ಲಿ ರೋಗಿಯ ಹೆಸರಿರಲಿಲ್ಲ. ಅವನು ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬುದನ್ನೂ, ವಿದ್ಯೆಯನ್ನು ಮುಗಿಸಿ ಸ್ವದೇಶಕ್ಕೆ ಮರಳಿ ೧೯೧೬ರಲ್ಲಿ ತೀರಿಕೊಂಡನೆಂಬುದನ್ನೂ ಬಹುಕಾಲದ ಮೇಲೆ ಚರಿತ್ರಕಾರರು ಶೋಧಿಸಿ ತಿಳಿಸಿರುವರು. ೧೯೨೨ರಲ್ಲಿ ವರ್ನ್ ಮೇಸನ್ ಎಂಬ ವೈದ್ಯನು ರೋಗಕ್ಕೆ ಈಗಿನ ಹೆಸರನ್ನಿಟ್ಟನು.

ಆದರೆ ಹೆಸರಿಟ್ಟಂದೇ ರೋಗವು ಹುಟ್ಟಿತೆಂದು ಭಾವಿಸುವುದು ಸರಿಯಲ್ಲ. ಆಫ್ರಿಕದ ಘಾನಾ ದೇಶದ ವೈದ್ಯ ಕೊನೊಟೆ-ಅಹುಲು ತಮ್ಮ ನಾಡಿನ ಭಾಷೆಗಳಲ್ಲಿ ಇದಕ್ಕೆ ಹಿಂದಿನಿಂದಲೂ ಹೆಸರುಗಳಿದ್ದುವೆಂದು ತೋರಿಸಿರುವರು. ಗಾ ಭಾಷೆಯಲ್ಲಿ ಇದು 'ಚ್ವೆಚ್ವೆಎಚ್ವೆ', ಫಾಂಟಿಯಲ್ಲಿ 'ನ್ವೀವೀ'. ಮತ್ತೆ ಮತ್ತೆ ಮರಳಿ ಬಂದು ಕೊರೆಯುವ ನೋವನ್ನು ದ್ವಿರುಕ್ತಿಯಿಂದಲೇ ಕಿವಿಗೆ ಮುಟ್ಟಿಸುವ ಮಾತುಗಳಿವು. ನಮ್ಮ ಭಾಷೆಯ ಅನುಕರಣಶಬ್ದಗಳನ್ನು ಬಲ್ಲವರಿಗೆ ಇದರ ಮರ್ಮವು ಸುಲಭವಾಗಿ ಹೊಳೆಯುವುದು. ಪಶ್ಚಿಮದ ಹೆಸರು ಸೂಕ್ಷ್ಮದರ್ಶಕದಲ್ಲಿ ಕಂಡ ಆಕಾರದಿಂದ ಬಂದಿತು. ಆಫ್ರಿಕದ ಹೆಸರು ರೋಗಿಯ ಅನುಭವದಿಂದ ಬಂದಿತು. ಈ ಭೇದವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡತಕ್ಕದ್ದು.

೨

ಆಕಾರದ ಬೆನ್ನು ಹತ್ತಿದ ಮೊದಲನೆಯ ಪರಂಪರೆಯ ಸಾಧನೆ ಅಲ್ಪವಾದುದಲ್ಲ. ಆಮ್ಲಜನಕವು ಕುಗ್ಗಿದಾಗ ಕಣಗಳು ಬಾಗುವುವೆಂದು ೧೯೨೭ರಲ್ಲಿ ಹಾನ್ ಮತ್ತು ಗಿಲೆಸ್ಪಿ ತೋರಿಸಿದರು. ೧೯೪೯ರಲ್ಲಿ ಜೇಮ್ಸ್ ನೀಲ್ ಎಂಬುವನು ರೋಗಿಯ ತಂದೆತಾಯಿಗಳಿಬ್ಬರೂ ದೋಷದ ಒಂದೊಂದು ಪ್ರತಿಯನ್ನು ಹೊತ್ತಿರುವರೆಂದು ನಿರ್ಣಯಿಸಿದನು. ಅದೇ ವರ್ಷದಲ್ಲಿ ಲೈನಸ್ ಪೌಲಿಂಗ್, ಹಾರ್ವೆ ಇಟಾನೋ ಮತ್ತು ಅವರ ಸಂಗಡಿಗರು, ರೋಗಿಯ ಹೀಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಆರೋಗ್ಯವಂತರ ಹೀಮೋಗ್ಲೋಬಿನ್ನಿಗಿಂತ ಬೇರೆಯಾಗಿ ಚಲಿಸುವುದೆಂದು ಕಂಡು, ಇದನ್ನು 'ಅಣುರೋಗ'ವೆಂದು ಕರೆದರು. ಒಂದು ರೋಗಕ್ಕೆ ಒಂದು ಅಣುವಿನ ದೋಷವೇ ಕಾರಣವೆಂದು ಸಿದ್ಧವಾದುದು ಅದೇ ಮೊದಲು. ೧೯೫೭ರ ವೇಳೆಗೆ ಕೇಂಬ್ರಿಜ್ಜಿನಲ್ಲಿ ವರ್ನನ್ ಇಂಗ್ರಾಂ, ಗ್ಲುಟಾಮಿಕ್ ಆಮ್ಲವಿರಬೇಕಾದ ಒಂದೇ ಒಂದು ಸ್ಥಾನದಲ್ಲಿ ವ್ಯಾಲೀನ್ ಸೇರಿರುವುದೇ ಸಮಸ್ತ ಅನರ್ಥಕ್ಕೂ ಮೂಲವೆಂದು ತೋರಿಸಿದನು. ಗ್ರಂಥದಲ್ಲಿ ಒಂದೇ ಅಕ್ಷರವು ತಪ್ಪಿ ಅರ್ಥವೆಲ್ಲ ಕೆಟ್ಟಂತಾಯಿತೆಂದು ಹೇಳಬಹುದು.

ಪಾಠಶೋಧನೆಯಲ್ಲಿ ತಪ್ಪಾದ ಅಕ್ಷರವನ್ನು ಗುರುತಿಸಿದ ಬಳಿಕ ತಿದ್ದುವುದು ಸುಲಭ. ಇಲ್ಲಿ ಹಾಗಾಗಲಿಲ್ಲ. ಇಂಗ್ರಾಮನ ಶೋಧವಾದ ಮೇಲೂ ಹಲವು ದಶಕಗಳ ಕಾಲ ರೋಗಿಗೆ ದೊರೆತುದು ನೋವಿನ ಔಷಧ, ರಕ್ತಪೂರಣ ಮತ್ತು ಸಾಂತ್ವನಗಳು ಮಾತ್ರ. ೧೯೮೬ರಲ್ಲಿ ಎಳೆಯ ಮಕ್ಕಳಿಗೆ ಪೆನಿಸಿಲಿನ್ ಕೊಡುವುದರಿಂದ ಮಾರಕವಾದ ಸೋಂಕುಗಳು ಬಹಳವಾಗಿ ತಗ್ಗುವುವೆಂದು ಸಿದ್ಧವಾಯಿತು. ಅನೇಕ ಮಕ್ಕಳನ್ನು ಉಳಿಸಿದ ಈ ಉಪಾಯಕ್ಕೂ ಅಣುವಿಜ್ಞಾನಕ್ಕೂ ಸಂಬಂಧವು ಅತ್ಯಲ್ಪ.

೩

ಎರಡನೆಯ ಪರಂಪರೆಯು ಪೌಲಿಂಗನ ಲೇಖನಕ್ಕೆ ಒಂದು ವರ್ಷ ಮುಂಚೆಯೇ ಮೊದಲಾಯಿತೆಂಬುದು ಗಮನಾರ್ಹ. ೧೯೪೮ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ಶಿಶುವೈದ್ಯೆಯಾಗಿದ್ದ ಜಾನೆಟ್ ವಾಟ್ಸನ್, ತನ್ನ ಇಬ್ಬರು ಸಹಕಾರಿಗಳೊಡನೆ ಒಂದು ಲೇಖನವನ್ನು ಪ್ರಕಟಿಸಿದಳು. ದೋಷವನ್ನು ಪಡೆದೇ ಹುಟ್ಟಿದ ಶಿಶುಗಳ ರಕ್ತದಲ್ಲಿ ಕುಡುಗೋಲು ಕಣಗಳು ಏಕೆ ಇಷ್ಟು ವಿರಳವಾಗಿವೆ ಎಂಬುದು ಅವಳ ಪ್ರಶ್ನೆ. ಗರ್ಭಸ್ಥ ಶಿಶುವಿನ ಹೀಮೋಗ್ಲೋಬಿನ್ ಬೇರೆ ಬಗೆಯದೆಂದು ೧೮೬೬ರಲ್ಲಿಯೇ ಕೋರ್ಬರ್ ಎಂಬುವನು ಕಂಡಿದ್ದನು. ಈ ಭ್ರೂಣ ಹೀಮೋಗ್ಲೋಬಿನ್ನೇ ಶಿಶುವನ್ನು ಕಾಯುತ್ತಿರುವುದೆಂದೂ, ಅದು ಕ್ಷೀಣವಾದಂತೆ ರೋಗವು ತಲೆಯೆತ್ತುವುದೆಂದೂ ವಾಟ್ಸನ್ ಊಹಿಸಿದಳು. ಈ ಮಾತು ಪೌಲಿಂಗನ ಶೋಧದಂತೆ ಜಗತ್ಪ್ರಸಿದ್ಧವಾಗಲಿಲ್ಲ. ಆದರೆ ಅದರೊಳಗೆ ಒಂದು ಚಿಕಿತ್ಸಾಕ್ರಮದ ಬೀಜವಿದ್ದಿತು: ತಪ್ಪಿದ ಅಕ್ಷರವನ್ನು ತಿದ್ದಲಾಗದಿದ್ದರೂ, ಶೈಶವದಲ್ಲಿ ಕಾಪಾಡಿದ ರಕ್ತವನ್ನು ಮರಳಿ ಎಚ್ಚರಿಸಬಹುದಲ್ಲವೆ?

ಈ ಊಹೆಗೆ ಆಧಾರಗಳು ಬೇರೆ ಬೇರೆ ದೇಶಗಳಿಂದ ಒದಗಿದುವು. ಸೌದಿ ಅರೇಬಿಯದ ಪೂರ್ವಪ್ರಾಂತದಲ್ಲಿ ಈ ರೋಗವು ಸೌಮ್ಯವಾಗಿರುವುದನ್ನೂ, ಆ ರೋಗಿಗಳಲ್ಲಿ ಭ್ರೂಣ ಹೀಮೋಗ್ಲೋಬಿನ್ ಅಧಿಕವಾಗಿರುವುದನ್ನೂ ಪೆರೀನ್ ಮೊದಲಾದವರು ೧೯೭೦ರ ದಶಕದಲ್ಲಿ ವರದಿಮಾಡಿದರು. ೧೯೮೬ರಲ್ಲಿ ಕರ್, ಸರ್ಜೆಂಟ್ ಮೊದಲಾದವರು ನಮ್ಮ ಒಡಿಶಾದ ರೋಗಿಗಳಲ್ಲಿಯೂ ಇದನ್ನೇ ಕಂಡರು. ೧೯೮೪ರಲ್ಲಿ ಹೈಡ್ರಾಕ್ಸಿಯೂರಿಯ ಎಂಬ ಹಳೆಯ ಔಷಧವು ರೋಗಿಗಳಲ್ಲಿ ಭ್ರೂಣ ಹೀಮೋಗ್ಲೋಬಿನ್ನನ್ನು ಹೆಚ್ಚಿಸುವುದೆಂದು ತಿಳಿದುಬಂದಿತು. ೧೯೯೫ರಲ್ಲಿ ೨೯೯ ಮಂದಿ ವಯಸ್ಕರ ಮೇಲೆ ನಡೆದ ಪರೀಕ್ಷೆಯಲ್ಲಿ, ವರ್ಷಕ್ಕೆ ೪.೫ ಬಾರಿ ಬರುತ್ತಿದ್ದ ನೋವಿನ ಆಘಾತಗಳು ಈ ಔಷಧವನ್ನು ಪಡೆದವರಲ್ಲಿ ೨.೫ಕ್ಕೆ ಇಳಿದುವು. ಈ ರೋಗದ ಗತಿಯನ್ನೇ ಬದಲಿಸಿದ ಮೊದಲನೆಯ ಔಷಧವಿದು. ಹುಟ್ಟಿದುದು ವಾಟ್ಸನ್ನಳ ಪರಂಪರೆಯಲ್ಲಿ.

೪

ಇಷ್ಟರಲ್ಲಿ ಅಸ್ಥಿಮಜ್ಜೆಯ ಕಸಿಯು ಆಕಸ್ಮಿಕವಾಗಿ ಮತ್ತೊಂದು ದಾರಿಯನ್ನು ತೆರೆಯಿತು. ಅಮೆರಿಕದ ಮೆಂಫಿಸ್ ನಗರದಲ್ಲಿ, ಈ ರೋಗವೂ ರಕ್ತದ ಕ್ಯಾನ್ಸರೂ ಕೂಡಿ ಬಂದಿದ್ದ ಒಬ್ಬ ಬಾಲಿಕೆಗೆ ಕ್ಯಾನ್ಸರಿನ ಸಲುವಾಗಿ ಮಜ್ಜೆಯ ಕಸಿಯನ್ನು ಮಾಡಿದರು. ಅದರಿಂದ ಎರಡು ರೋಗಗಳೂ ಹೋದುವೆಂದು ೧೯೮೪ರಲ್ಲಿ ಪ್ರಕಟವಾಯಿತು. ರಕ್ತವೆಲ್ಲವನ್ನೂ ಹುಟ್ಟಿಸುವ ಆಕರಕೋಶಗಳು ಮಜ್ಜೆಯಲ್ಲಿರುವುದರಿಂದ, ಅವನ್ನು ಬದಲಿಸಿದರೆ ರಕ್ತವೇ ಬದಲಾಗುವುದೆಂಬುದು ಹೀಗೆ ಪ್ರತ್ಯಕ್ಷವಾಯಿತು. ೧೯೯೬ರಲ್ಲಿ ವಾಲ್ಟರ್ಸ್ ಮೊದಲಾದವರು ೨೨ ಮಕ್ಕಳ ವೃತ್ತಾಂತವನ್ನು ಕೊಟ್ಟರು. ೨೦೧೭ರಲ್ಲಿ ಪ್ರಕಟವಾದ, ಒಡಹುಟ್ಟಿದವರಿಂದ ಪಡೆದ ೧೦೦೦ ಕಸಿಗಳ ವರದಿಯ ಪ್ರಕಾರ ಐದು ವರ್ಷಗಳ ಮೇಲೆ ಜೀವಿಸಿದ್ದವರು ಶೇಕಡ ೯೩ರಷ್ಟು.

ಈ ಕಸಿಯಲ್ಲಿ ದೋಷದ ಅಕ್ಷರವನ್ನು ಯಾರೂ ತಿದ್ದಲಿಲ್ಲ, ಗ್ರಂಥವನ್ನೇ ಬದಲಾಯಿಸಿದರು. ಅದಕ್ಕೆ ಹೊಂದಿಕೆಯಾದ ದಾನಿ ಬೇಕು. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರೂ ಹೊಂದುವ ಸಂಭವವು ನಾಲ್ಕರಲ್ಲಿ ಒಂದೇ ಆದುದರಿಂದ, ಬಹುಮಂದಿ ರೋಗಿಗಳಿಗೆ ಈ ಬಾಗಿಲು ಮುಚ್ಚಿಯೇ ಇದ್ದಿತು. ರೋಗಿಯ ಆಕರಕೋಶಗಳನ್ನೇ ಹೊರತೆಗೆದು, ಮಾರ್ಪಡಿಸಿ, ಮರಳಿ ಅವನಿಗೇ ಕೊಡುವ ಯತ್ನವು ಹುಟ್ಟಿದುದು ಈ ಕೊರತೆಯಿಂದ.

ಮಾರ್ಪಡಿಸುವುದೇನನ್ನು? ಇಲ್ಲಿ ವಾಟ್ಸನ್ನಳ ಪ್ರಶ್ನೆಯು ಮರಳಿ ಬರುವುದು. ೨೦೦೭ ಮತ್ತು ೨೦೦೮ರಲ್ಲಿ ಯೂರೋಪಿನವರಲ್ಲಿಯೂ ಸಾರ್ಡಿನಿಯ ದ್ವೀಪದವರಲ್ಲಿಯೂ ನಡೆದ ವಂಶವಾಹಿಶೋಧನೆಗಳು, ಬಿ.ಸಿ.ಎಲ್. ೧೧ಎ ಎಂಬ ವಂಶವಾಹಿಗೂ ಭ್ರೂಣ ಹೀಮೋಗ್ಲೋಬಿನ್ನಿಗೂ ಸಂಬಂಧವನ್ನು ತೋರಿಸಿದುವು. ಅದೇ ಅದನ್ನು ಅಡಗಿಸುವ ಬೀಗವೆಂದು ಶಂಕರನ್, ಆರ್ಕಿನ್ ಮೊದಲಾದವರು ೨೦೦೮ರಲ್ಲಿ ಸಿದ್ಧಪಡಿಸಿದರು. ಕೆಂಪು ಕಣಗಳಲ್ಲಿ ಮಾತ್ರ ಆ ಬೀಗವನ್ನು ಬಲಪಡಿಸುವ ತಾಣವು ೨೦೧೩ರಲ್ಲಿ ತಿಳಿಯಿತು. ವಂಶವಾಹಿಯನ್ನು ಬೇಕಾದೆಡೆ ಕತ್ತರಿಸುವ ಕ್ರಿಸ್ಪರ್ ಎಂಬ ಸಾಧನವನ್ನು ಶಾರ್ಪೆಂಟಿಯೆ ಮತ್ತು ಡೌಡ್ನಾ ಎಂಬ ವಿದುಷಿಯರು ೨೦೧೨ರಲ್ಲಿ ಒದಗಿಸಿದ್ದರು. ೨೦೨೩ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಅಂಗೀಕೃತವಾದ ಕ್ಯಾಸ್‌ಜೆವಿ ಎಂಬ ಚಿಕಿತ್ಸೆಯು ಮಾಡುವುದು ಇಷ್ಟೆ: ಆ ತಾಣವನ್ನು ಕತ್ತರಿಸಿ ಬೀಗವನ್ನು ಸಡಿಲಿಸುವುದು. ಕುಡುಗೋಲಿಗೆ ಕಾರಣವಾದ ಅಕ್ಷರವು ಇದ್ದಂತೆಯೇ ಇರುವುದು. ಅಮೆರಿಕದ ಅಂಗೀಕಾರಕ್ಕೆ ಆಧಾರವಾದ ಪರೀಕ್ಷೆಯಲ್ಲಿ ೩೧ ಮಂದಿಯ ಪೈಕಿ ೨೯ ಮಂದಿ ಕನಿಷ್ಠ ಒಂದು ವರ್ಷ ಉಗ್ರವಾದ ನೋವಿನ ಆಘಾತವಿಲ್ಲದೆ ಇದ್ದರು.

ಅಂದೇ ಅಮೆರಿಕದಲ್ಲಿ ಅಂಗೀಕೃತವಾದ ಲಿಫ್ಜೀನಿಯ ಎಂಬ ಮತ್ತೊಂದು ಚಿಕಿತ್ಸೆಯು ಹೊಸದಾದ ಬೀಟಾ ಗ್ಲೋಬಿನ್ ವಂಶವಾಹಿಯನ್ನು ಸೇರಿಸುತ್ತದೆ. ಇದು ಮೊದಲನೆಯ ಪರಂಪರೆಯ ಕೂಸೆಂದು ಮೇಲ್ನೋಟಕ್ಕೆ ತೋರುವುದು. ಆದರೆ ಆ ಗ್ಲೋಬಿನ್ನಿನ ೮೭ನೆಯ ಸ್ಥಾನದಲ್ಲಿ ಬುದ್ಧಿಪೂರ್ವಕವಾಗಿ ಇಟ್ಟಿರುವುದು ಭ್ರೂಣದ ಗ್ಲೋಬಿನ್ನಿನಲ್ಲಿರುವ ಗ್ಲುಟಮೀನ್. ಹೀಗೆ ಎರಡು ಚಿಕಿತ್ಸೆಗಳೂ ಶಿಶುವಿನ ರಕ್ತದಿಂದಲೇ ಪಾಠವನ್ನು ಕಲಿತಿವೆ.

೫

ಇದರಿಂದ ಪೌಲಿಂಗ್, ಇಂಗ್ರಾಂ ಮೊದಲಾದವರ ಕಾರ್ಯವು ವ್ಯರ್ಥವಾಯಿತೆಂದು ಯಾರೂ ತಿಳಿಯಬಾರದು. ಅವರಿಲ್ಲದೆ ರೋಗನಿರ್ಣಯವಿಲ್ಲ, ಕುಟುಂಬಗಳಿಗೆ ಹೇಳಬೇಕಾದ ತಿಳಿವಳಿಕೆಯಿಲ್ಲ, ಹೊಸ ಚಿಕಿತ್ಸೆಗಳಿಗೆ ಅಳತೆಗೋಲೂ ಇಲ್ಲ. ದೋಷವು ತಿಳಿದುದರಿಂದಲೇ ಪರಿಹಾರವು ತಾನಾಗಿ ಬಾರದು ಎಂಬಷ್ಟೇ ಇಲ್ಲಿಯ ಅಭಿಪ್ರಾಯ.

ಚಿಕಿತ್ಸೆಯು ದೊರೆತುದರಿಂದಲೇ ಅದು ರೋಗಿಯನ್ನು ತಾನಾಗಿ ಮುಟ್ಟದೆಂಬುದೂ ಈ ಚರಿತ್ರೆಯ ಪಾಠವೇ. ಕ್ಯಾಸ್‌ಜೆವಿಗೆ ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ ೨೨ ಲಕ್ಷ ಡಾಲರು. ಲಿಫ್ಜೀನಿಯಕ್ಕೆ ೩೧ ಲಕ್ಷ. ಎರಡಕ್ಕೂ ಮೊದಲು ಹಳೆಯ ಮಜ್ಜೆಯನ್ನು ತೀವ್ರವಾದ ಔಷಧದಿಂದ ನಾಶಪಡಿಸಬೇಕು. ಸಂತಾನಶಕ್ತಿಗೆ ಅದರಿಂದ ಅಪಾಯವುಂಟು. ಇತ್ತ ಈ ರೋಗದೊಡನೆ ಹುಟ್ಟುವ ಮಕ್ಕಳಲ್ಲಿ ಮುಕ್ಕಾಲು ಪಾಲು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದಲ್ಲಿರುವರು. ಅಲ್ಲಿ ಪೆನಿಸಿಲಿನ್ ಮತ್ತು ಹೈಡ್ರಾಕ್ಸಿಯೂರಿಯಗಳೇ ಎಲ್ಲ ಮಕ್ಕಳಿಗೂ ದೊರೆಯುತ್ತಿಲ್ಲ.

ನಮ್ಮ ದೇಶಕ್ಕೂ ಇದು ಪರಕೀಯವಾದ ವಿಚಾರವಲ್ಲ. ಕರ್ಣಾಟಕದ ದಕ್ಷಿಣದ ಮೇರೆಗೆ ಸಮೀಪವಾದ ನೀಲಗಿರಿಯ ಗಿರಿಜನರಲ್ಲಿ ಈ ದೋಷವಿರುವುದನ್ನು ಲೆಹ್ಮನ್ ಮತ್ತು ಕಟ್‌ಬುಷ್ ೧೯೫೨ರಲ್ಲಿಯೇ ಪ್ರಕಟಿಸಿದರು. ಭಾರತ ಸರಕಾರದ ಸಿಕಲ್ ಸೆಲ್ ನಿರ್ಮೂಲನ ಯೋಜನೆಯು ಆರಂಭವಾದುದು ೨೦೨೩ರ ಜುಲೈ ೧ರಂದು. ಕರ್ಣಾಟಕವೂ ಸೇರಿದಂತೆ ೧೭ ರಾಜ್ಯಗಳಲ್ಲಿ ೭ ಕೋಟಿ ಜನರನ್ನು ಪರೀಕ್ಷಿಸುವುದೂ, ೨೦೪೭ರೊಳಗೆ ರೋಗವನ್ನು ಸಾರ್ವಜನಿಕ ಸಮಸ್ಯೆಯಾಗಿ ಉಳಿಯದಂತೆ ಮಾಡುವುದೂ ಅದರ ಉದ್ದೇಶ. ಅರಿವಿಗೂ ಕಾರ್ಯಕ್ಕೂ ನಡುವೆ ಇಲ್ಲಿ ಕಳೆದುದು ೭೧ ವರ್ಷಗಳು. ಪೌಲಿಂಗನ ಶೋಧದಿಂದ ಕ್ಯಾಸ್‌ಜೆವಿಯವರೆಗಿನ ಅವಧಿಗಿಂತ ಮೂರೇ ವರ್ಷ ಕಡಮೆ. ಅಲ್ಲಿನ ವಿಳಂಬಕ್ಕೆ ಪ್ರಕೃತಿಯ ಗಹನತೆಯಾದರೂ ಕಾರಣವೆನ್ನಬಹುದು. ಗಿರಿಜನರ ಮನೆಬಾಗಿಲಿಗೆ ರಕ್ತಪರೀಕ್ಷೆಯನ್ನು ಒಯ್ಯುವುದರಲ್ಲಾದ ವಿಳಂಬಕ್ಕೆ ಆ ಸಮಾಧಾನವಿಲ್ಲ.

ಆದುದರಿಂದ ಈ ರೋಗದ ಚರಿತ್ರೆಯನ್ನು ಬರೆಯುವವರು ೧೯೪೯ ಮತ್ತು ೨೦೨೩ ಎಂಬ ಎರಡು ವರ್ಷಗಳನ್ನು ಮಾತ್ರ ಎತ್ತಿಹಿಡಿದರೆ ಸಾಲದು. ೧೯೪೮ರ ಶಿಶುವೈದ್ಯೆಯ ಪ್ರಶ್ನೆಗೂ, ೧೯೫೨ರ ನೀಲಗಿರಿಯ ವರದಿಗೂ ಸಮನಾದ ಸ್ಥಾನವನ್ನು ಕೊಡತಕ್ಕದ್ದು. ಮೊದಲನೆಯದು ಪರಿಹಾರವು ಎಲ್ಲಿಂದ ಬಂದಿತೆಂಬುದನ್ನು ತಿಳಿಸುತ್ತದೆ. ಎರಡನೆಯದು ಅದು ಇನ್ನೂ ಎಲ್ಲಿಗೆ ಹೋಗಬೇಕಾಗಿದೆ ಎಂಬುದನ್ನು.