ಹೊಸೂರು ಸೀಮೆಯ ನೀರು ಮತ್ತು ಜನಾರೋಗ್ಯ: ಒಂದು ಶತಮಾನದ ಅವಲೋಕನ

ಶಾಲೆಯೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ಕಟ್ಟಡ, ಅಧ್ಯಾಪಕರು, ಪರೀಕ್ಷೆಯ ಫಲಿತಾಂಶಗಳು ಮೊದಲು ನೆನಪಾಗುತ್ತವೆ. ಆ ಶಾಲೆಗೆ ಬಂದ ಮಕ್ಕಳು ಯಾವ ನೀರನ್ನು ಕುಡಿದು ಬೆಳೆದರೆಂಬುದು ದಾಖಲಾತಿ ಪುಸ್ತಕದಲ್ಲಿ ಇರುವುದಿಲ್ಲ. ಆದರೆ ನಮ್ಮ ಹೊಸೂರು-ಕೃಷ್ಣಗಿರಿ ಸೀಮೆಯಲ್ಲಿ ಆ ಸಂಗತಿಯು ಅನೇಕ ಮಕ್ಕಳ ಹಲ್ಲುಗಳ ಮೇಲೆಯೇ ಕಂದು ಗೆರೆಗಳಾಗಿ ಉಳಿದಿದೆ. ಈ ಶತಮಾನೋತ್ಸವದ ಸಂದರ್ಭದಲ್ಲಿ ಆ ಚರಿತ್ರೆಯನ್ನೂ ಸ್ಮರಿಸುವುದು ಉಚಿತವೆನಿಸುತ್ತದೆ.

ಹಿಂದಿನ ಸೇಲಂ ಜಿಲ್ಲೆಯನ್ನು ತಲಘಾಟ್, ಬಾರಾಮಹಲ್, ಬಾಲಘಾಟ್ ಎಂಬ ಮೂರು ಭಾಗಗಳಾಗಿ ಗುರುತಿಸುತ್ತಿದ್ದರು. ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಬಾಲಘಾಟ್ ಎನಿಸಿದ್ದ ಹೊಸೂರು ಸೀಮೆಯು 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಅದೇ ಆಡಳಿತಕ್ಕೆ ಸೇರಿತು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಜಿಲ್ಲೆಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆಯೂ ಬೇರ್ಪಟ್ಟವು. ಆಡಳಿತದ ಗಡಿಗಳು ಹೀಗೆ ಬದಲಾಗುತ್ತ ಬಂದರೂ ನೆಲದಡಿಯ ಬಂಡೆ ಬದಲಾಗಲಿಲ್ಲ. ಮೈಸೂರು ಪ್ರಸ್ಥಭೂಮಿಯ ಅಂಚಿನ ಈ ಗಟ್ಟಿ ಶಿಲೆಯ ನೆಲದಲ್ಲಿ ಕನ್ನಡ, ತೆಲುಗು, ತಮಿಳು ನುಡಿಯುವ ಮನೆಗಳೆಲ್ಲ ಒಂದೇ ನೀರನ್ನು ನಂಬಿ ಬದುಕಿದವು.

ಅಂದಿನ ಹಳ್ಳಿಗಳ ಆಧಾರವೆಂದರೆ ಕೆರೆ ಮತ್ತು ತೆರೆದ ಬಾವಿ. ಮಳೆಯ ನೀರು ಕೆರೆಯಲ್ಲಿ ನಿಂತು, ನೆಲಕ್ಕೆ ಇಂಗಿ, ಕೆಳಗಿನ ಬಾವಿಗಳಲ್ಲಿ ಒರೆಯುತ್ತಿತ್ತು. ಆ ಕಾಲವೇ ಆರೋಗ್ಯದ ಸುವರ್ಣಯುಗವೆಂದು ಭಾವಿಸಬೇಕಾಗಿಲ್ಲ. ದನಕರು ಇಳಿಯುವ, ಬಟ್ಟೆ ಒಗೆಯುವ ನೀರೇ ಕುಡಿಯುವ ನೀರೂ ಆದಾಗ ಕಾಲರಾ, ವಾಂತಿಭೇದಿ, ವಿಷಮಶೀತಜ್ವರಗಳು ಹರಡುತ್ತಿದ್ದವು. ಮದರಾಸು ಪ್ರಾಂತದಲ್ಲಿ 1939ರಲ್ಲಿ ಸಾರ್ವಜನಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದಾಗ ಶುದ್ಧ ನೀರಿನ ಪೂರೈಕೆಯು ಅದರ ಮುಖ್ಯ ವಿಷಯಗಳಲ್ಲಿ ಒಂದಾಗಿದ್ದುದು ಅಕಾರಣವಲ್ಲ.

ಈ ಸೋಂಕಿಗೆ ಪರಿಹಾರವಾಗಿ ಬಂದದ್ದು ಕೊಳವೆಬಾವಿ. 1967ರ ಬರಗಾಲದಲ್ಲಿ ಯುನಿಸೆಫ್ ಸಂಸ್ಥೆಯು ಗಟ್ಟಿ ಬಂಡೆಯನ್ನು ಕೊರೆಯಬಲ್ಲ ಯಂತ್ರಗಳನ್ನು ಭಾರತಕ್ಕೆ ತರಿಸಿತು. 1970ರ ದಶಕದಲ್ಲಿ 'ಇಂಡಿಯಾ ಮಾರ್ಕ್ 2' ಎಂಬ ಕೈಪಂಪು ರೂಪುಗೊಂಡು ದೇಶದ ಹಳ್ಳಿಹಳ್ಳಿಗೂ ತಲುಪಿತು. ನೆಲದಾಳದ ನೀರಿನಲ್ಲಿ ರೋಗಾಣುಗಳು ವಿರಳ. ಹೆಣ್ಣುಮಕ್ಕಳು ಕೊಡ ಹೊತ್ತು ನಡೆಯಬೇಕಾದ ದೂರವೂ ಕಡಿಮೆಯಾಯಿತು. ಇದು ನಿಜವಾದ ಉಪಕಾರವೇ ಸರಿ. ಆದರೆ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಶಿಲೆಯಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ತಿಳಿಯುವ ರುಚಿಯೂ ಇಲ್ಲ.

ಈ ವ್ಯಾಧಿಯು ಮದರಾಸು ಪ್ರಾಂತಕ್ಕೆ ಅಪರಿಚಿತವಾಗಿರಲಿಲ್ಲ. ಅಂದಿನ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಾಗಿ, ಕೀಲುಗಳು ಸೆಟೆದುಕೊಂಡಿದ್ದ ಜನರನ್ನು ಪರೀಕ್ಷಿಸಿದ ವೈದ್ಯರು, ಕುಡಿಯುವ ನೀರಿನ ಫ್ಲೋರೈಡೇ ಅದಕ್ಕೆ ಕಾರಣವೆಂದು 1937ರಲ್ಲಿ ಪ್ರಕಟಿಸಿದ್ದರು. ಭಾರತೀಯ ಮಾನಕ ಸಂಸ್ಥೆಯು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಮನ್ನು ಗರಿಷ್ಠ ಮಿತಿಯೆಂದೂ ವಿಧಿಸಿದೆ. ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಅನೇಕ ಕೊಳವೆಬಾವಿಗಳು ಈ ಮಿತಿಯನ್ನು ಮೀರಿದವು. ಬಾಯಿಗೆ ಬರಬೇಕಾದ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಸುಮಾರು 8 ವರ್ಷದೊಳಗಿನ ಪ್ರಾಯದಲ್ಲಿಯೇ ಅವುಗಳ ಮೇಲೆ ಕಲೆ ಮೂಡುವುದು ನಿಶ್ಚಯವಾಗುತ್ತದೆ. ಮುಂದೆ ಎಷ್ಟೇ ಉಜ್ಜಿದರೂ ಅದು ಹೋಗದು. ತರಗತಿಯಲ್ಲಿ ಬಾಯಿ ಮುಚ್ಚಿಕೊಂಡು ನಗುವ ಮಗುವನ್ನು "ಹಲ್ಲುಜ್ಜಿ ಬಾ" ಎಂದು ಗದರುವುದು ಆದ್ದರಿಂದ ಅನ್ಯಾಯ. ವರ್ಷಾನುಗಟ್ಟಲೆ ಅದೇ ನೀರನ್ನು ಕುಡಿದರೆ ತೊಂದರೆಯು ಎಲುಬಿಗೂ ಇಳಿಯುತ್ತದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಈ ಕಷ್ಟಕ್ಕೆ ಎರಡು ದಿಕ್ಕಿನಿಂದ ಉತ್ತರ ದೊರೆಯಿತು. ಮೊದಲನೆಯದು ಹಳ್ಳಿಯೊಳಗಿನಿಂದ ಬಂದದ್ದು. 1979ರಲ್ಲಿ ಕುಳಂದೈ ಫ್ರಾನ್ಸಿಸ್ ಅವರು ನಾಟ್ರಾಂಪಾಳ್ಯವೆಂಬ ಬಡ ಹಳ್ಳಿಯಲ್ಲಿ ರಾತ್ರಿಶಾಲೆ ಮತ್ತು ಪ್ರಥಮ ಚಿಕಿತ್ಸಾ ಕೇಂದ್ರದೊಂದಿಗೆ ಕಾರ್ಯವನ್ನಾರಂಭಿಸಿ 'ಸಮಗ್ರ ಗ್ರಾಮಾಭಿವೃದ್ಧಿ ಯೋಜನೆ' ಎಂಬ ಸಂಸ್ಥೆಯನ್ನು ಕಟ್ಟಿದರು. 22 ವರ್ಷಗಳ ಅವಧಿಯಲ್ಲಿ ಗುಡ್ಡಗಾಡಿನ ಹಳ್ಳಿಗಳಲ್ಲಿ 331 ಕಿರು ಒಡ್ಡುಗಳು ನಿರ್ಮಾಣವಾಗಿ ಮಳೆಯ ನೀರು ನೆಲಕ್ಕೆ ಇಂಗತೊಡಗಿತು. 1989ರಿಂದ ಮಹಿಳೆಯರ ಸ್ವಸಹಾಯ ಗುಂಪುಗಳು ಬೆಳೆದವು. 2012ರಲ್ಲಿ ಅವರಿಗೆ ರಾಮೋನ್ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ನೀರು, ಓದು, ಚಿಕಿತ್ಸೆ, ತಾಯಂದಿರ ಕೈಯಲ್ಲಿ ಒಂದಿಷ್ಟು ಉಳಿತಾಯ ಇವು ಬೇರೆಬೇರೆಯಲ್ಲವೆಂಬುದನ್ನು ಆ ಕಾರ್ಯವು ತೋರಿಸಿತು.

ಎರಡನೆಯ ಉತ್ತರ ಸರ್ಕಾರದ್ದು. ಜಪಾನಿನ ನೆರವಿನ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆಗೆ 2008ರಲ್ಲಿ ಶಂಕುಸ್ಥಾಪನೆಯಾಗಿ 2013ರಲ್ಲಿ ಅದು ಲೋಕಾರ್ಪಣೆಗೊಂಡಿತು. ಧರ್ಮಪುರಿ, ಕೃಷ್ಣಗಿರಿ, ಹೊಸೂರು ಪಟ್ಟಣಗಳಿಗೂ ಎರಡು ಜಿಲ್ಲೆಗಳ ಸಾವಿರಾರು ಜನವಸತಿಗಳಿಗೂ ಕಾವೇರಿಯ ನೀರನ್ನು ಒಯ್ಯುವುದು ಅದರ ಉದ್ದೇಶ. ಆರಂಭದ ದಿನಗಳಲ್ಲಿ ಎರಡು ರಾಜ್ಯಗಳ ನಡುವೆ ಎದ್ದ ವಿವಾದವು ಗಡಿಯಲ್ಲಿ ಬಾಳುವ ಕನ್ನಡಿಗರಾದ ನಮ್ಮನ್ನು ಸಂಕಟಕ್ಕೀಡುಮಾಡಿದ್ದುಂಟು. ಆದರೂ ಕನ್ನಡ ಓದುವ ಮಗುವಿನ ಹಲ್ಲಿಗೂ ತಮಿಳು ಓದುವ ಮಗುವಿನ ಹಲ್ಲಿಗೂ ಬೇಕಾದದ್ದು ಒಂದೇ ನೀರು.

ಇಷ್ಟರಿಂದ ಚರಿತ್ರೆ ಮುಗಿಯಲಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಬೆಂಗಳೂರಿನ ಪೂರ್ವಭಾಗದ ಕೊಳಚೆಯನ್ನು ಹೊತ್ತು ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಬರುತ್ತದೆ. ಮಳೆಗಾಲದಲ್ಲಿ ಅಲ್ಲಿ ಏಳುವ ಬಿಳಿ ನೊರೆಯನ್ನು ನಾವೆಲ್ಲರೂ ಕಂಡಿದ್ದೇವೆ. ಇತ್ತ ಕೊಳವೆಬಾವಿಗಳು ಇನ್ನಷ್ಟು ಆಳಕ್ಕಿಳಿಯುತ್ತಿವೆ. ಕೆರೆಗಳು ಬಡಾವಣೆಗಳಿಗೆ ಎಡೆಗೊಡುತ್ತಿವೆ. ನಲ್ಲಿಯಲ್ಲಿ ಕಾವೇರಿಯ ನೀರು ಬಾರದ ದಿನ ಮನೆಯವರು ಕೊಳವೆಬಾವಿಯ ನೀರಿಗೇ ಮರಳುತ್ತಾರೆ.

ಈ ನೂರು ವರ್ಷಗಳ ಅನುಭವದಿಂದ ತಿಳಿಯುವುದಿಷ್ಟು: ಒಂದು ಕಾಲದ ಪರಿಹಾರವೇ ಮುಂದಿನ ಕಾಲದ ಸಮಸ್ಯೆಗೆ ಬೀಜವಾಗಬಹುದು, ಆದುದರಿಂದ ನೀರನ್ನು ಪರೀಕ್ಷಿಸುತ್ತಲೇ ಇರಬೇಕು. ಸುಸ್ಥಿರ ಅಭಿವೃದ್ಧಿಯೆಂಬ ಮಾತಿಗೆ ನಮ್ಮ ಊರಿನ ಮಟ್ಟಿಗೆ ಇದೇ ಅರ್ಥ. ಪೋಷಕರು ತಮ್ಮ ಮನೆಯ ಕುಡಿಯುವ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಲಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಕಾವೇರಿಯ ನೀರನ್ನೋ ಶುಚಿಯಾಗಿ ಹಿಡಿದ ಮಳೆನೀರನ್ನೋ ಮೊದಲು ಮೀಸಲಿಡಲಿ. ಸುಣ್ಣಾಂಶವುಳ್ಳ ರಾಗಿ, ಹಾಲು, ಸೊಪ್ಪುಗಳನ್ನು ಊಟದಲ್ಲಿ ಬಿಡದಿರಲಿ. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಕಡ್ಡಾಯಗೊಳಿಸಿದ ಮಳೆನೀರಿನ ಕೊಯ್ಲು ಕಾಗದದಲ್ಲಿ ಉಳಿಯದೆ ಸೂರಿನಿಂದ ನೆಲಕ್ಕೆ ಇಳಿಯಲಿ. ನಾಡಿನ ನಾನಾ ಕಡೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಹುಟ್ಟೂರಿನ ಒಂದು ಕೆರೆಯ ಹೂಳೆತ್ತುವ ಕಾರ್ಯಕ್ಕೆ ಕೈಜೋಡಿಸಿದರೆ ಶಾಲೆಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಕಿಲ್ಲ.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಶಾಲೆಯ ಮಕ್ಕಳು ಬಾಯಿ ತುಂಬ ನಗುವಂತಾಗಲಿ ಎಂಬುದೇ ನಮ್ಮೆಲ್ಲರ ಹಾರೈಕೆ.