ಮಾನಸೋಲ್ಲಾಸದ ಚಿತ್ರಕಾರನ ಸಲಕರಣೆಗಳು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಸು. 1126–1138) ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಚಿತ್ರಪ್ರಕರಣವನ್ನು ನಾವು ರಸಭಾವಗಳಿಗಾಗಿ ಓದುತ್ತೇವೆ, ಸಲಕರಣೆಗಳ ಮಾತನ್ನು ದಾಟಿಬಿಡುತ್ತೇವೆ. ಅಲ್ಲಿ ಮೊದಲು ಬರುವುದು ಗೋಡೆಯ ಹದ, ಅದಕ್ಕೆ ವಜ್ರಲೇಪ. ಎಮ್ಮೆಯ ಹಸಿ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳನ್ನಾಗಿಸಿ ಒಣಗಿಸಬೇಕು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರಿನೊಡನೆ ಕಾಯಿಸಿ ಕರಗಿಸಬೇಕು. ಅಂಟನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತಿದ್ದರೆಂಬುದು ಇದರಿಂದ ಸ್ಪಷ್ಟ. ರೇಖೆಗೆ ಕಾಡಿಗೆಯನ್ನು ಅನ್ನದೊಡನೆ ಅರೆದು ಹೊಸೆದ ವರ್ತಿ. ಬಣ್ಣಕ್ಕೆ ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕೂರಿಸಿದ ಲೇಖನಿ. ಸ್ಥೂಲ, ಮಧ್ಯ, ಸೂಕ್ಷ್ಮವೆಂದು ಅದು ಮೂರು ಬಗೆ. ಬಿಳುಪಿಗೆ ಶಂಖದ ಪುಡಿ, ಹಳದಿಗೆ ಹರಿತಾಳ, ಕೆಂಪಿಗೆ ಇಂಗಲೀಕ. ಗ್ರಂಥಕರ್ತ ದೊರೆಯೇ ಆದರೂ ತೊಗಲು ಬೇಯಿಸುವ ಈ ವಿವರ ಕೆಲಸಗಾರರ ಬಾಯಿಂದ ಬಂದದ್ದೆಂದೇ ನನ್ನ ಊಹೆ. ಒಣಗಿದ ಆ ಕಡ್ಡಿಗಳನ್ನು ನೆನೆದರೆ, ಚಿತ್ರಶಾಲೆಯ ಒಂದು ಮೂಲೆ ಉಗ್ರಾಣವೇ ಆಗಿದ್ದಿರಬೇಕು.